ಸ್ನಾಯುವಿನ ಸಾಲ-ಸೋಲ ಬರೆದಿಟ್ಟ ಎ.ವಿ. ಹಿಲ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಈ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನು ಎಂಬ ಸಲುಗೆಯಿಂದ ಒಪ್ಪಿಕೊಂಡೆ. ಸರ್ ಸಿ.ವಿ. ರಾಮನ್ ಅವರ ಬಗ್ಗೆ, ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವವರು ಗಣಿತದ ಮೇಷ್ಟ್ರೂ ದೈಹಿಕ ಶಿಕ್ಷಣದ ಮೇಷ್ಟ್ರೂ ಇಬ್ಬರೂ ನಮ್ಮವರು ಎಂದು ಹೇಳಿಕೊಳ್ಳಬಹುದಾದ ವ್ಯಕ್ತಿ. ಗಣಿತ ಓದಿ, ಕಪ್ಪೆಯ ಕಾಲಿನ ಒಂದು ಸಣ್ಣ ಸ್ನಾಯುವನ್ನು ಅಳೆದು, ಕೊನೆಗೆ ಮೈದಾನದಲ್ಲಿ ತಾವೇ ಓಡಿ, ನಾವು ಓಡಿದಾಗ ಏದುಸಿರು ಏಕೆ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು. ಅವರ ಹೆಸರು ಆರ್ಚಿಬಾಲ್ಡ್ ವಿವಿಯನ್ ಹಿಲ್. ತಮ್ಮ ಉದ್ದನೆಯ ಹೆಸರು ಅವರಿಗೆ ಇಷ್ಟವಿರಲಿಲ್ಲವಂತೆ. ನಮ್ಮಲ್ಲಿ ಡಿ.ವಿ.ಜಿ., ಬಿ.ಎಂ.ಶ್ರೀ. ಎಂದು ಕರೆಯುವ ಹಾಗೆ, ಅವರನ್ನು ಬಲ್ಲವರೆಲ್ಲ ಎ.ವಿ. ಎಂದೇ ಕರೆಯುತ್ತಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಿಲ್ ಹುಟ್ಟಿದ್ದು 1886ರ ಸೆಪ್ಟೆಂಬರ್ 26ರಂದು, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ತಂದೆ ಮರದ ವ್ಯಾಪಾರಿ. ಮಗುವಿಗೆ ಸುಮಾರು ಮೂರು ವರ್ಷವಾಗಿದ್ದಾಗ ತಂದೆ ಸಂಸಾರವನ್ನು ಬಿಟ್ಟು ಹೋದರು. ತಾಯಿ ಏಡಾ ಅವರೊಬ್ಬರೇ ಮಗನನ್ನೂ ಮಗಳು ಮ್ಯೂರಿಯಲ್‌ಳನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದರು. ಒಬ್ಬ ತಾಯಿ ಕಷ್ಟಪಟ್ಟು ಮಕ್ಕಳನ್ನು ಓದಿಸಿದ ಕಥೆ ನಮ್ಮ ಊರಿನ ಎಷ್ಟೋ ಮನೆಗಳ ಕಥೆಯೂ ಹೌದು. ಹುಡುಗ ವಿದ್ಯಾರ್ಥಿವೇತನ ಪಡೆದು ಡೆವನ್ ಪ್ರಾಂತದ ಟಿವರ್ಟನ್‌ನಲ್ಲಿರುವ ಬ್ಲಂಡೆಲ್ಸ್ ಶಾಲೆಗೆ ಸೇರಿದ. ಅಲ್ಲಿ ಗಣಿತದಲ್ಲಿ ಮುಂದೆ ಬಂದ, ದೂರದ ಓಟದಲ್ಲೂ ರುಚಿ ಹತ್ತಿತು. ಈ ಎರಡು ಅಭ್ಯಾಸಗಳು ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಮುಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. 1907ರ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೂರನೆಯ ಸ್ಥಾನ ಬಂತು. ಅಷ್ಟು ಬುದ್ಧಿಯಿದ್ದ ತರುಣ ಗಣಿತದಲ್ಲಿಯೇ ನೆಲೆಸುತ್ತಾನೆಂದು ಎಲ್ಲರೂ ತಿಳಿದಿದ್ದರು. ಆದರೆ ಅವರ ಅಧ್ಯಾಪಕರಾಗಿದ್ದ ವಾಲ್ಟರ್ ಮಾರ್ಲಿ ಫ್ಲೆಚರ್ ಅವರು ಶರೀರಶಾಸ್ತ್ರದ ಕಡೆಗೆ ದಾರಿ ತೋರಿಸಿದರು. ಫ್ಲೆಚರ್ ಅವರು ಅದೇ 1907ರಲ್ಲಿ ಹಾಪ್‌ಕಿನ್ಸ್ ಜೊತೆ ಸೇರಿ ಒಂದು ಮುಖ್ಯ ಸಂಗತಿಯನ್ನು ಕಂಡುಹಿಡಿದಿದ್ದರು. ಗಾಳಿಯಿಲ್ಲದ ಕಡೆ ಸ್ನಾಯು ದುಡಿದರೆ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ, ಆಮ್ಲಜನಕ ಕೊಟ್ಟರೆ ಅದು ಕರಗಿಹೋಗುತ್ತದೆ ಎಂಬುದೇ ಆ ಸಂಗತಿ. ಹಿಲ್ ಅವರ ಮುಂದಿನ ಬದುಕಿನ ಬೀಜ ಇಲ್ಲಿದೆ.

ಮೊದಲ ಕೆಲಸಗಳಲ್ಲೇ ಗಣಿತದ ಕೈ ಕಾಣುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದಕ್ಕೆ ಅವರು 1910ರಲ್ಲಿ ಒಂದು ಸಮೀಕರಣ ಬರೆದರು. ಆಗ ಅವರಿಗೆ ಇನ್ನೂ 24 ವರ್ಷ ತುಂಬಿತ್ತೋ ಇಲ್ಲವೋ. ಔಷಧ ವಿಜ್ಞಾನ ಓದುವ ವಿದ್ಯಾರ್ಥಿಗಳು ಇಂದಿಗೂ ಹಿಲ್ ಸಮೀಕರಣ ಎಂದು ಅದನ್ನೇ ಕಲಿಯುತ್ತಾರೆ. ನಮ್ಮ ಶಾಲೆಯಿಂದ ಹೋಗಿ ಫಾರ್ಮಸಿ, ವೈದ್ಯಕೀಯ ಓದಿದ ಹಳೆಯ ವಿದ್ಯಾರ್ಥಿಗಳಿಗೆ ಈ ಹೆಸರು ನೆನಪಿರಬಹುದು.

ದೇಹದಿಂದ ಹೊರಗೆ ಬದುಕಿರುವ ಸ್ನಾಯು

ಒಂದು ಸ್ನಾಯು ದುಡಿಯುವಾಗ ಒಳಗೆ ಏನಾಗುತ್ತದೆಂದು ತಿಳಿಯಬೇಕಾದರೆ ದೊಡ್ಡ ತೊಂದರೆಯೊಂದಿದೆ. ದೇಹದಲ್ಲಿ ಸ್ನಾಯು ಒಂಟಿಯಾಗಿಲ್ಲ. ಹೃದಯ, ಶ್ವಾಸಕೋಶ, ಯಕೃತ್ತು, ನರ, ರಕ್ತ ಎಲ್ಲವೂ ಅದರ ಕೆಲಸದಲ್ಲಿ ಕೈ ಹಾಕುತ್ತವೆ. ಯಾವುದು ಯಾರ ಕೆಲಸ ಎಂದು ಬಿಡಿಸುವುದು ಕಷ್ಟ. ಕೂಡು ಕುಟುಂಬದ ಖರ್ಚಿನಲ್ಲಿ ಒಬ್ಬರ ಪಾಲು ಎಷ್ಟೆಂದು ಲೆಕ್ಕ ಹಾಕಿದ ಹಾಗೆ. ಆದ್ದರಿಂದ ಆ ಕಾಲದ ವಿಜ್ಞಾನಿಗಳು ಕಪ್ಪೆಯ ತೊಡೆಯ ಒಂದು ತೆಳು ಸ್ನಾಯುವನ್ನು ಬೇರ್ಪಡಿಸಿ ಅಭ್ಯಾಸ ಮಾಡುತ್ತಿದ್ದರು.

ಬೇರ್ಪಡಿಸಿದ ಸ್ನಾಯು ತಕ್ಷಣ ಸಾಯುವುದಿಲ್ಲವೇ? ಸರಿಯಾದ ಉಪ್ಪುನೀರಿನಲ್ಲಿ ಇಟ್ಟರೆ ಅದು ಗಂಟೆಗಟ್ಟಲೆ ಬದುಕಿರುತ್ತದೆ. ಆ ಉಪ್ಪುನೀರನ್ನು ಕಂಡುಹಿಡಿದವರು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. 1880ರ ದಶಕದಲ್ಲಿ ಅವರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಸುತ್ತಿದ್ದಾಗ, ನಲ್ಲಿ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಅದು ಚೆನ್ನಾಗಿ ಮಿಡಿಯಿತು, ಶುದ್ಧೀಕರಿಸಿದ ನೀರಿನಲ್ಲಿ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ಮಿಡಿಸುತ್ತಿತ್ತು. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಶ್ಶಕ್ತಿಯಿಂದ ಮಲಗಿದವರಿಗೆ ಏರಿಸುವ ಆರ್.ಎಲ್. ಬಾಟಲಿಯಲ್ಲಿರುವ ಆರ್ ಎಂಬ ಅಕ್ಷರ ಇದೇ ರಿಂಗರ್ ಅವರ ಹೆಸರು.

ಇಂಥ ಸ್ನಾಯುವಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ ಅದು ಒಮ್ಮೆ ಸೆಟೆದು ಸಡಿಲವಾಗುತ್ತದೆ. ಆಗ ಹುಟ್ಟುವ ಶಾಖವನ್ನು ಅಳೆಯುವುದು ಹಿಲ್ ಅವರ ಕೆಲಸ. ಶಾಖವೆಂದರೆ ಎಷ್ಟು? ಒಂದು ಸೆಟೆತಕ್ಕೆ ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಮೂರು ಪಾಲು. ಜ್ವರ ನೋಡುವ ಥರ್ಮಾಮೀಟರಿಗೆ ಇದು ಕನಸಿನಲ್ಲೂ ತಿಳಿಯದು. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಬೆಸೆದರೆ, ಬೆಸುಗೆ ಬಿಸಿಯಾದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಇಂಥ ಬೆಸುಗೆಗಳ ಸಾಲನ್ನು ಥರ್ಮೋಪೈಲ್ ಎನ್ನುತ್ತಾರೆ. ಅದರ ಮೇಲೆ ಸ್ನಾಯುವನ್ನು ಮಲಗಿಸಿ, ಬರುವ ವಿದ್ಯುತ್ತನ್ನು ಸೂಕ್ಷ್ಮವಾದ ಗ್ಯಾಲ್ವನೋಮೀಟರಿನಲ್ಲಿ ಹಿಲ್ ಓದುತ್ತಿದ್ದರು. ಸ್ವೀಡನ್ನಿನ ಮ್ಯಾಗ್ನಸ್ ಬ್ಲಿಕ್ಸ್ ಎಂಬುವರು ರೂಪಿಸಿದ ಉಪಕರಣದಿಂದ ಆರಂಭಿಸಿ, ವರ್ಷ ವರ್ಷವೂ ಅದನ್ನು ತಿದ್ದುತ್ತ, ಹೆಚ್ಚು ಚುರುಕು ಮಾಡುತ್ತ ಹೋದರು.

ಆ ತಾಳ್ಮೆಗೆ ದೊಡ್ಡ ಫಲ ಸಿಕ್ಕಿತು. ಸ್ನಾಯು ಸೆಟೆಯುವಾಗ ಒಂದು ಕಂತಿನ ಶಾಖ ಬರುತ್ತದೆ. ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಆ ಕಂತು ಒಂದೇ ಸಮ. ಕೆಲಸ ಮುಗಿದು ಸ್ನಾಯು ಸುಮ್ಮನೆ ಮಲಗಿರುವಾಗ ನಿಮಿಷಗಟ್ಟಲೆ ಇನ್ನೊಂದು ಕಂತಿನ ಶಾಖ ನಿಧಾನವಾಗಿ ಬರುತ್ತದೆ. ಅದು ಬರುವುದು ಆಮ್ಲಜನಕ ಇದ್ದರೆ ಮಾತ್ರ. ಅಂದರೆ ಸ್ನಾಯು ಮೊದಲು ಕೆಲಸ ಮಾಡಿಬಿಡುತ್ತದೆ, ಆಮ್ಲಜನಕದ ಬೆಲೆಯನ್ನು ಆಮೇಲೆ ಕೊಡುತ್ತದೆ. ಉರಿಯುವ ಒಲೆಗೆ ಗಾಳಿ ಆ ಕ್ಷಣವೇ ಬೇಕು. ಸ್ನಾಯು ಹಾಗಲ್ಲ, ಅದು ಕೈಗಡ ತಂದು ಆಮೇಲೆ ತೀರಿಸುವ ಯಂತ್ರ.

ಜರ್ಮನಿಯಲ್ಲಿ ಓಟ್ಟೋ ಮೇಯರ್‌ಹಾಫ್ ಎಂಬುವರು ಇದೇ ಪ್ರಶ್ನೆಯನ್ನು ರಸಾಯನಶಾಸ್ತ್ರದ ದಾರಿಯಿಂದ ಹಿಡಿದಿದ್ದರು. ಸ್ನಾಯು ಬಳಸುವ ಆಮ್ಲಜನಕಕ್ಕೂ ಲ್ಯಾಕ್ಟಿಕ್ ಆಮ್ಲದ ಏರಿಳಿತಕ್ಕೂ ಇರುವ ನಿಶ್ಚಿತ ಸಂಬಂಧವನ್ನು ಅವರು ತೋರಿಸಿದರು. 1922ನೇ ಸಾಲಿನ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರಿಗೂ ಹಂಚಲಾಯಿತು, ಪ್ರಕಟವಾದದ್ದು 1923ರಲ್ಲಿ. ಆಗ ಮೊದಲ ಮಹಾಯುದ್ಧ ಮುಗಿದು ಐದು ವರ್ಷವಷ್ಟೇ ಆಗಿತ್ತು. ಆ ಯುದ್ಧದಲ್ಲಿ ಹಿಲ್ ವಿಮಾನ ಹೊಡೆಯುವ ಫಿರಂಗಿಗಳ ಗುರಿ ಲೆಕ್ಕ ಹಾಕುವ ತಂಡದ ಮುಖ್ಯಸ್ಥರಾಗಿದ್ದರು. ಎದುರಾಳಿ ದೇಶಗಳ ಇಬ್ಬರು ಒಂದೇ ಕಪ್ಪೆಯ ಸ್ನಾಯುವಿನ ವಿಷಯದಲ್ಲಿ ಒಂದೇ ಪ್ರಶಸ್ತಿಯನ್ನು ಹಂಚಿಕೊಂಡರು ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

ಮೈದಾನಕ್ಕೆ ಬಂದ ಪ್ರಯೋಗ

ಹಿಲ್ ಅವರು 1920ರಲ್ಲಿ ಮ್ಯಾಂಚೆಸ್ಟರಿಗೆ ಪ್ರಾಧ್ಯಾಪಕರಾಗಿ ಹೋದರು. 1923ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಈ ವರ್ಷಗಳಲ್ಲಿ ಅವರು ಕಪ್ಪೆಯ ಸ್ನಾಯುವಿನಲ್ಲಿ ಕಂಡದ್ದನ್ನು ಮನುಷ್ಯನಲ್ಲಿ ಪರೀಕ್ಷಿಸಿದರು. ಓಡುವವರಲ್ಲಿ ಅವರೂ ಒಬ್ಬರು. ಹಾರ್ಟ್ಲಿ ಲಪ್ಟನ್ ಎಂಬ ಸಹೋದ್ಯೋಗಿಯ ಜೊತೆ ಸೇರಿ, ಬೆನ್ನಿಗೆ ಒಂದು ದೊಡ್ಡ ಚೀಲ ಕಟ್ಟಿಕೊಂಡು, ಬಾಯಿಗೆ ಕೊಳವೆ ಸಿಕ್ಕಿಸಿ, ಮೂಗಿಗೆ ಚಿಮಟ ಹಾಕಿಕೊಂಡು ಹುಲ್ಲಿನ ಮೇಲೆ ಸುತ್ತು ಹೊಡೆದರು. ಬಿಟ್ಟ ಉಸಿರೆಲ್ಲ ಚೀಲ ಸೇರುತ್ತಿತ್ತು. ಅದನ್ನು ಅಳೆದು, ಅದರಲ್ಲಿ ಉಳಿದ ಆಮ್ಲಜನಕ ಎಷ್ಟೆಂದು ನೋಡಿ, ದೇಹ ಎಷ್ಟು ಬಳಸಿತು ಎಂದು ಲೆಕ್ಕ ತೆಗೆದರು.

ಎರಡು ಸಂಗತಿಗಳು ತಿಳಿದವು. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಹೆಚ್ಚುತ್ತ ಹೋಗುತ್ತದೆ. ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಿಲ್ ಅವರ ವಿಷಯದಲ್ಲಿ ಅದು ನಿಮಿಷಕ್ಕೆ ಸುಮಾರು 4 ಲೀಟರ್. ಅದಕ್ಕಿಂತ ಹೆಚ್ಚು ತಂದುಕೊಡಲು ಹೃದಯಕ್ಕೂ ಶ್ವಾಸಕೋಶಕ್ಕೂ ಆಗುವುದಿಲ್ಲ. ಇಂದು ಕ್ರೀಡಾ ತರಬೇತುದಾರರು ವಿ.ಓ.2 ಮ್ಯಾಕ್ಸ್ ಎಂದು ಹೇಳುವುದು ಈ ಮಿತಿಯನ್ನೇ. ಎರಡನೆಯದು, ಆ ಮಿತಿಯನ್ನು ದಾಟಿಯೂ ಮನುಷ್ಯ ಸ್ವಲ್ಪ ಹೊತ್ತು ಓಡಬಲ್ಲ. ಹೇಗೆಂದರೆ ಸಾಲ ಮಾಡಿ. ನೂರು ಮೀಟರ್ ಓಟಗಾರನಿಗೆ ಓಡುವಾಗ ಬೇಕಾದಷ್ಟು ಆಮ್ಲಜನಕ ಸಿಗುವುದೇ ಇಲ್ಲ. ಓಟ ಮುಗಿದ ಮೇಲೆ ಅವನು ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುವುದು ಆ ಬಾಕಿ ತೀರಿಸುವುದಕ್ಕೆ. ಇದಕ್ಕೆ ಹಿಲ್ ಇಟ್ಟ ಹೆಸರು ಆಮ್ಲಜನಕದ ಸಾಲ. ಅವರು 1913ರಲ್ಲಿ ಮದುವೆಯಾದ ಮಾರ್ಗರೆಟ್ ಅವರು ಪ್ರಸಿದ್ಧ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಂಗಿ. ಸಾಲದ ಮಾತು ಮನೆಯಲ್ಲೇ ಇತ್ತು ಎಂದು ನಾನು ತಮಾಷೆ ಮಾಡುವುದುಂಟು. ಸೊಸೈಟಿಯಲ್ಲಿ ಬೆಳೆ ಸಾಲ ತಂದು ಸುಗ್ಗಿಯಲ್ಲಿ ಕಟ್ಟುವ ನಮ್ಮ ರೈತರ ಮಕ್ಕಳಿಗೆ ಈ ಪಾಠವನ್ನು ಎರಡನೆಯ ಸಲ ಹೇಳಬೇಕಾಗಿ ಬಂದದ್ದಿಲ್ಲ.

1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಓಟಗಾರರ ಮೈಗೆ ಕಾಂತ ಮಾಡಿದ ಉಕ್ಕಿನ ಪಟ್ಟಿ ಕಟ್ಟಿ, ಓಟದ ಹಾದಿಯ ಪಕ್ಕದಲ್ಲಿ ಅಲ್ಲಲ್ಲಿ ತಂತಿಯ ಸುರುಳಿಗಳನ್ನಿಟ್ಟರು. ಓಟಗಾರ ಒಂದೊಂದು ಸುರುಳಿಯನ್ನು ದಾಟಿದಾಗಲೂ ಗ್ಯಾಲ್ವನೋಮೀಟರ್ ಮಿಸುಕುತ್ತಿತ್ತು. ಎಲ್ಲಿ ವೇಗ ಏರಿತು, ಎಲ್ಲಿ ಇಳಿಯಿತು ಎಂಬುದು ಹೀಗೆ ದಾಖಲಾಯಿತು. ಹತ್ತನೇ ತರಗತಿಯಲ್ಲಿ ನಾವು ಕಲಿಸುತ್ತಿದ್ದ ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಅದೇ ಪಾಠ, ಅದೇ ಮೈದಾನ.

ಅಮೆರಿಕದಲ್ಲಿ ಒಮ್ಮೆ ಅವರು ಉಪನ್ಯಾಸ ಮುಗಿಸಿದಾಗ ಸಭೆಯಲ್ಲಿದ್ದ ಹಿರಿಯರೊಬ್ಬರು ಇದರಿಂದೆಲ್ಲ ಏನು ಪ್ರಯೋಜನ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. ಹಿಲ್ ಕೆಲವು ಉಪಯೋಗಗಳನ್ನು ಹೇಳಲು ನೋಡಿ, ಕೊನೆಗೆ ನಿಜ ಹೇಳಿಬಿಟ್ಟರು. ಪ್ರಯೋಜನಕ್ಕಾಗಿ ಅಲ್ಲ, ಇದರಲ್ಲಿ ಸಂತೋಷವಿದೆ ಎಂದು ಮಾಡುತ್ತೇವೆ ಎಂಬುದು ಅವರ ಉತ್ತರದ ಸಾರ. ಪ್ರಯೋಜನ ತಾನಾಗಿ ಬಂತು ಎಂಬುದು ಬೇರೆ ಮಾತು. ಮಕ್ಕಳಿಗೆ ಹೇಳುವುದರಲ್ಲೂ ಅವರಿಗೆ ಅಷ್ಟೇ ಸಂತೋಷವಿತ್ತು. 1926ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸಗಳನ್ನು ಅವರು ನರ ಮತ್ತು ಸ್ನಾಯುಗಳ ಬಗ್ಗೆ ಶಾಲಾ ಮಕ್ಕಳಿಗಾಗಿಯೇ ಕೊಟ್ಟರು.

ತಪ್ಪನ್ನು ಒಪ್ಪಿಕೊಂಡ ದೊಡ್ಡತನ

ನನಗೆ ಹಿಲ್ ಅವರಲ್ಲಿ ಬಹಳ ಮೆಚ್ಚುಗೆಯಾದ ಗುಣವೊಂದಿದೆ. ಲ್ಯಾಕ್ಟಿಕ್ ಆಮ್ಲವೇ ಸ್ನಾಯುವನ್ನು ಸೆಟೆಯುವಂತೆ ಮಾಡುತ್ತದೆ ಎಂಬುದು ಅವರ ಕಾಲದ ನಂಬಿಕೆ, ಅವರದೂ ಕೂಡ. ನೊಬೆಲ್ ಪ್ರಶಸ್ತಿಯೂ ಆ ಚೌಕಟ್ಟಿನೊಳಗೇ ಬಂದದ್ದು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್ ಒಂದು ವಿಷವಸ್ತುವಿನಿಂದ ಲ್ಯಾಕ್ಟಿಕ್ ಆಮ್ಲ ಹುಟ್ಟುವುದನ್ನೇ ನಿಲ್ಲಿಸಿದರು. ಆದರೂ ಸ್ನಾಯು ಸ್ವಲ್ಪ ಹೊತ್ತು ಸೆಟೆಯುತ್ತಲೇ ಇತ್ತು. ಹಾಗಾದರೆ ಶಕ್ತಿ ಬೇರೆಲ್ಲಿಂದಲೋ ಬರುತ್ತಿರಬೇಕು. ಹಿಲ್ ಮುನಿಸಿಕೊಳ್ಳಲಿಲ್ಲ. 1932ರಲ್ಲಿ ತಾವೇ ಲೇಖನ ಬರೆದು, ಸ್ನಾಯು ವಿಜ್ಞಾನದಲ್ಲಿ ಕ್ರಾಂತಿಯಾಗಿದೆ, ಹಳೆಯ ಕಟ್ಟಡವನ್ನು ಬಿಚ್ಚಿ ಕಟ್ಟಬೇಕಾಗಿದೆ ಎಂಬುದನ್ನು ಲೋಕಕ್ಕೆ ಸಾರಿದರು. ಅವರ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡಿದ ವಾಲೆಸ್ ಫೆನ್ ಎಂಬ ಅಮೆರಿಕದ ತರುಣ ಅವರ ಇನ್ನೊಂದು ಕಲ್ಪನೆಯನ್ನು ಅದಕ್ಕೂ ಮೊದಲೇ ಅಲ್ಲಾಡಿಸಿದ್ದರು. ಅದನ್ನೂ ಹಿಲ್ ಪ್ರಕಟಿಸಲು ಬಿಟ್ಟರು. 1950ರಲ್ಲಿ, ಎ.ಟಿ.ಪಿ. ಎಂಬ ವಸ್ತುವೇ ಸ್ನಾಯುವಿನ ನೇರ ಇಂಧನವೆಂದು ಎಲ್ಲರೂ ಹೇಳತೊಡಗಿದಾಗ, ಬದುಕಿರುವ ಸ್ನಾಯುವಿನ ಒಂದು ಸೆಟೆತದಲ್ಲಿ ಅದು ಖರ್ಚಾಗುವುದನ್ನು ತೋರಿಸಿ ಎಂದು ರಸಾಯನ ವಿಜ್ಞಾನಿಗಳಿಗೆ ಸವಾಲು ಹಾಕಿದರು. 1962ರಲ್ಲಿ ಅದನ್ನು ತೋರಿಸಲಾಯಿತು.

ನಮ್ಮಲ್ಲಿ ಇಂದಿಗೂ ಓಟದ ಮಾರನೆಯ ದಿನ ಕಾಲು ನೋವು ಬಂದರೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ ಎನ್ನುತ್ತಾರೆ. ಅದು ಸರಿಯಲ್ಲ. ಓಟ ಮುಗಿದ ಸ್ವಲ್ಪ ಹೊತ್ತಿನಲ್ಲೇ ಆ ಆಮ್ಲ ಹೊರಟುಹೋಗುತ್ತದೆ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸುತ್ತವೆ. ಮಾರನೆಯ ದಿನದ ನೋವು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟಿನದು. ಅಭ್ಯಾಸವಾದಂತೆ ಅದು ಕಡಿಮೆಯಾಗುತ್ತದೆ.

1938ರಲ್ಲಿ ಅವರು ಕೊಟ್ಟ ಇನ್ನೊಂದು ಸಮೀಕರಣ ಇಂದಿಗೂ ನಿಂತಿದೆ. ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೋ ಅಷ್ಟು ಕಡಿಮೆ ಬಲ ಕೊಡುತ್ತದೆ. ರಾಗಿ ಮೂಟೆಯನ್ನು ನಿಧಾನವಾಗಿ ಎತ್ತಬಹುದು, ಚೆಂಡಿನ ಹಾಗೆ ಎಸೆಯಲಾಗದು. ಸೈಕಲ್ಲಿಗೆ ಗೇರು ಬಂದಿರುವುದರ ಗುಟ್ಟೂ ಇದೇ. ಅವರ ಕಿರಿಯ ಸಹೋದ್ಯೋಗಿಗಳು 1952ರಲ್ಲಿ ಎರಡು ಸೈಕಲ್ಲುಗಳನ್ನು ಹಿಂದುಮುಂದಾಗಿ ಒಂದೇ ಸರಪಳಿಗೆ ಜೋಡಿಸಿದರು. ಒಬ್ಬರು ತುಳಿಯಬೇಕು, ಇನ್ನೊಬ್ಬರು ಪೆಡಲನ್ನು ತಡೆಯಬೇಕು. ಸಣ್ಣ ಮೈಕಟ್ಟಿನ ಹೆಣ್ಣುಮಗಳೊಬ್ಬಳು ತಡೆಯುತ್ತ ಆರಾಮವಾಗಿ ಕುಳಿತಿದ್ದರೆ, ತುಳಿಯುತ್ತಿದ್ದ ಗಂಡಸು ಸುಸ್ತಾಗಿಹೋದರು. ಬೆಟ್ಟ ಹತ್ತುವಾಗ ಬರುವ ಏದುಸಿರು ಇಳಿಯುವಾಗ ಏಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ಉತ್ತರ ಇನ್ನೊಂದಿಲ್ಲ.

ಆಶ್ರಯ ಕೊಟ್ಟ ಮನೆ

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು, ಯೆಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರದಬ್ಬತೊಡಗಿದರು. ಇಂಗ್ಲೆಂಡಿನಲ್ಲಿ ಅವರಿಗೆ ನೆರವಾಗಲು ಒಂದು ಸಮಿತಿ ಹುಟ್ಟಿಕೊಂಡಿತು. ರುದರ್‌ಫೋರ್ಡ್ ಅದರ ಅಧ್ಯಕ್ಷರು. ಕಟ್ಟಿದವರಲ್ಲಿ ಹಿಲ್ ಒಬ್ಬರು. ಆ ಸಂಸ್ಥೆ ಹೆಸರು ಬದಲಾಯಿಸಿಕೊಂಡು ಇಂದಿಗೂ ಕೆಲಸ ಮಾಡುತ್ತಿದೆ. ನಾಜಿಗಳ ಪರ ನಿಂತ ಜರ್ಮನ್ ನೊಬೆಲ್ ವಿಜ್ಞಾನಿ ಯೊಹಾನೆಸ್ ಸ್ಟಾರ್ಕ್ ಜೊತೆ ಹಿಲ್ ನೇಚರ್ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದರು. 1935ರಲ್ಲಿ ಲೈಪ್‌ಜಿಗ್‌ನಿಂದ ಬಂದ ಬರ್ನಾರ್ಡ್ ಕಾಟ್ಜ್ ಎಂಬ ಬಡ ತರುಣನಿಗೆ ತಮ್ಮ ಪ್ರಯೋಗಾಲಯದ ಬಾಗಿಲು ತೆರೆದರು. ಆ ಕಾಟ್ಜ್ ಮುಂದೆ ನರದಿಂದ ಸ್ನಾಯುವಿಗೆ ಸಂದೇಶ ಹೇಗೆ ಹೋಗುತ್ತದೆಂದು ಬಿಡಿಸಿ 1970ರಲ್ಲಿ ನೊಬೆಲ್ ಪಡೆದರು. ಪ್ರಶಸ್ತಿ ಹಂಚಿಕೊಂಡ ಮೇಯರ್‌ಹಾಫ್ ಕೂಡ 1938ರಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. ಪ್ಯಾರಿಸ್ಸಿಗೆ, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ. ಒಬ್ಬ ಮೇಷ್ಟ್ರು ಒಬ್ಬ ಹುಡುಗನಿಗೆ ಜಾಗ ಕೊಟ್ಟರೆ ಏನಾಗಬಹುದು ಎಂಬುದನ್ನು ಕಾಟ್ಜ್ ಅವರ ಬದುಕು ಹೇಳುತ್ತದೆ.

ಎರಡನೇ ಮಹಾಯುದ್ಧಕ್ಕೆ ಮೊದಲೇ ಹಿಲ್ ರಾಡಾರ್ ಬೆಳವಣಿಗೆಗೆ ಕಾರಣವಾದ ಸಮಿತಿಯಲ್ಲಿದ್ದರು. 1940ರಿಂದ 1945ರವರೆಗೆ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಬ್ರಿಟಿಷ್ ಸಂಸತ್ತಿನ ಸದಸ್ಯರೂ ಆಗಿದ್ದರು.

ಭಾರತಕ್ಕೆ ಬಂದ ಹಿಲ್, ಆನೇಕಲ್ಲಿಗೆ ಬಂದ ಮಗಳು

ನಮಗೆ ಹತ್ತಿರವಾದ ಸಂಗತಿ ಈಗ ಬರುತ್ತದೆ. 1943ರ ಕೊನೆಯಲ್ಲಿ ಹಿಲ್ ಭಾರತಕ್ಕೆ ಬಂದರು. ಇಲ್ಲಿನ ವೈಜ್ಞಾನಿಕ ಸಂಶೋಧನೆಯನ್ನು ಹೇಗೆ ಕಟ್ಟಬೇಕೆಂದು ಸಲಹೆ ಕೊಡುವುದು ಅವರ ಕೆಲಸ. ಅದು ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ವರ್ಷ. 1944ರಲ್ಲಿ ಸಲ್ಲಿಸಿದ ವರದಿಯಲ್ಲಿ ಅವರು ಜನರ ಆರೋಗ್ಯ, ಆಹಾರ, ಜನಸಂಖ್ಯೆ ಇವು ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲಾಗದು ಎಂಬುದನ್ನು ಒತ್ತಿ ಹೇಳಿದರು. ಇಡೀ ದೇಶಕ್ಕೆ ಮಾದರಿಯಾಗುವ ಒಂದು ಅಖಿಲ ಭಾರತ ವೈದ್ಯಕೀಯ ಕೇಂದ್ರ ಬೇಕೆಂದರು. ಭೋರ್ ಸಮಿತಿಯ 1946ರ ವರದಿಯೂ ಅದನ್ನೇ ಕೇಳಿತು. 1956ರಲ್ಲಿ ಸ್ಥಾಪನೆಯಾದ ದೆಹಲಿಯ ಏಮ್ಸ್ ಸಂಸ್ಥೆಯ ಹಿಂದೆ ಈ ಮಾತುಗಳಿವೆ. ಶಾಂತಿಸ್ವರೂಪ್ ಭಟ್ನಾಗರ್, ಮೇಘನಾದ ಸಾಹಾ ಮೊದಲಾದ ಭಾರತದ ವಿಜ್ಞಾನಿಗಳ ತಂಡವೊಂದು 1944-45ರಲ್ಲಿ ಇಂಗ್ಲೆಂಡ್, ಅಮೆರಿಕಗಳ ಪ್ರಯೋಗಾಲಯಗಳನ್ನು ನೋಡಿಬಂದದ್ದಕ್ಕೂ ಹಿಲ್ ಅವರ ಭೇಟಿಯೇ ಹಿನ್ನೆಲೆ.

ಅವರ ಹಿರಿಯ ಮಗಳು ಪಾಲಿ ಹಿಲ್ ಅರ್ಥಶಾಸ್ತ್ರಜ್ಞೆಯಾದರು. ದೊಡ್ಡ ದೊಡ್ಡ ಸಿದ್ಧಾಂತಗಳಿಗಿಂತ ರೈತನ ಮನೆಯ ಲೆಕ್ಕ ನೋಡುವುದು ಮುಖ್ಯವೆಂದು ನಂಬಿದವರು. ಆಫ್ರಿಕಾದ ಹಳ್ಳಿಗಳಲ್ಲಿ ಬಹುಕಾಲ ಕೆಲಸ ಮಾಡಿ, 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹತ್ತಿರದ ಆನೇಕಲ್ ತಾಲ್ಲೂಕಿಗೆ ಬಂದರು. ಅಲ್ಲಿನ ಹಳ್ಳಿಗಳಲ್ಲಿ ರಾಗಿ ಬೆಳೆಯುವ ಒಣಭೂಮಿ ಸಂಸಾರಗಳ ಹೊಲ, ಸಾಲ, ಕೂಲಿ ಎಲ್ಲವನ್ನೂ ವಿಚಾರಿಸಿ, ನೈಜೀರಿಯದ ರೈತರೊಂದಿಗೆ ಹೋಲಿಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ತಂದೆ ಸ್ನಾಯುವಿನ ಸಾಲವನ್ನು ಅಳೆದರು, ಮಗಳು ನಮ್ಮ ರೈತರ ಸಾಲವನ್ನು ಬರೆದಿಟ್ಟರು.

1951ರಲ್ಲಿ ನಿವೃತ್ತರಾದ ಮೇಲೂ ಹಿಲ್ ಪ್ರಯೋಗ ಬಿಡಲಿಲ್ಲ. 1977ರ ಜೂನ್ 3ರಂದು ಕೇಂಬ್ರಿಜ್‌ನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಇಂದು ಎಲ್ಲಿಗೆ ಬಂದಿದೆ

ಬೇರ್ಪಡಿಸಿದ ಸ್ನಾಯುವನ್ನು ದುಡಿಸಿ ನೋಡುವ ಹಿಲ್ ಅವರ ದಾರಿ ಇಂದು ಹೊಸ ತಿರುವು ಪಡೆದಿದೆ. ಸ್ನಾಯುವಿನ ಎಳೆಗಳ ಅಂಚಿನಲ್ಲಿ ಮಲಗಿರುವ ಒಂದು ಬಗೆಯ ಕೋಶಗಳನ್ನು ಅಲೆಕ್ಸಾಂಡರ್ ಮೌರೋ 1961ರಲ್ಲಿ ಗುರುತಿಸಿದ್ದರು. ಸ್ನಾಯುವಿಗೆ ಪೆಟ್ಟು ಬಿದ್ದಾಗ ಇವು ಎಚ್ಚೆತ್ತು, ಹೆಚ್ಚಿ, ಒಂದಕ್ಕೊಂದು ಕೂಡಿ ಹೊಸ ಎಳೆಗಳಾಗುತ್ತವೆ. ಹೊಲದಲ್ಲಿ ಉಳಿಸಿಟ್ಟ ಬಿತ್ತನೆ ಬೀಜದ ಹಾಗೆ. ದಪ್ಪ ಸೂಜಿಯಿಂದ ಮನುಷ್ಯನ ತೊಡೆಯ ಚೂರು ಸ್ನಾಯು ತೆಗೆದು, ಅದರಿಂದ ಇಂಥ ಕೋಶಗಳನ್ನು ಬೆಳೆಸಿ, ಮೆತ್ತನೆಯ ಅಂಟಿನಂಥ ಆಸರೆಯಲ್ಲಿ ಎಳೆದು ನಿಲ್ಲಿಸಿದರೆ ಅವು ಸಾಲಾಗಿ ಕೂಡಿಕೊಂಡು ನಿಜವಾದ ಸ್ನಾಯುವಿನ ತುಣುಕಾಗುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆನಾದ್ ಬುರ್ಸಾಚ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಹೀಗೆ ಬೆಳೆಸಿದ ಮಾನವ ಸ್ನಾಯು ವಿದ್ಯುತ್ತಿಗೆ ಸೆಟೆದು ಉತ್ತರ ಕೊಟ್ಟಿತು.

2021ರಲ್ಲಿ ಅದೇ ತಂಡ ಇನ್ನೊಂದು ಪ್ರಶ್ನೆ ಕೇಳಿತು. ದೀರ್ಘಕಾಲದ ಉರಿಯೂತದ ಕಾಯಿಲೆಗಳಲ್ಲಿ ಸ್ನಾಯು ಕರಗುತ್ತದೆ. ವ್ಯಾಯಾಮ ಅದನ್ನು ತಡೆಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ತಡೆಯುವುದು ಹೃದಯವೋ, ಯಕೃತ್ತೋ, ಸ್ನಾಯುವೇ ತಾನಾಗಿಯೋ? ದೇಹದೊಳಗೆ ಇದನ್ನು ಬಿಡಿಸಲಾಗದು. ಪ್ರಯೋಗಾಲಯದ ಸ್ನಾಯುವಿಗೆ ಹೃದಯವೂ ಇಲ್ಲ, ಯಕೃತ್ತೂ ಇಲ್ಲ. ಅದಕ್ಕೆ ಉರಿಯೂತ ಹುಟ್ಟಿಸುವ ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಏಳು ದಿನ ಕೊಟ್ಟಾಗ ಎಳೆಗಳು ತೆಳುವಾಗಿ ಬಲ ಕುಂದಿತು. ಅದೇ ಹೊತ್ತಿಗೆ ವಿದ್ಯುತ್ತಿನಿಂದ ವ್ಯಾಯಾಮ ಮಾಡಿಸಿದ ಸ್ನಾಯುವಿನಲ್ಲಿ ಆ ಹಾನಿ ಬಹುಮಟ್ಟಿಗೆ ತಪ್ಪಿತು. ದುಡಿಯುವ ಸ್ನಾಯು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲದು ಎಂದು ಇದರಿಂದ ತಿಳಿಯಿತು. ಬಟ್ಟಲಿನ ಸ್ನಾಯು ಪೂರ್ತಿ ಮನುಷ್ಯನಲ್ಲ ಎಂಬುದು ನಿಜ. ಕಪ್ಪೆಯ ಸ್ನಾಯುವಿನಲ್ಲಿ ಕಂಡದ್ದನ್ನು ಹಿಲ್ ಮೈದಾನದಲ್ಲಿ ಓಡಿ ಪರೀಕ್ಷಿಸಿದ ಹಾಗೆ ಇದನ್ನೂ ಮನುಷ್ಯರಲ್ಲಿ ಪರೀಕ್ಷಿಸಬೇಕು.

ಇದನ್ನೆಲ್ಲ ಈ ಸಂಚಿಕೆಯಲ್ಲಿ ಏಕೆ ಬರೆದೆ ಎಂದರೆ, ನಾನು ಕಲಿಸುತ್ತಿದ್ದಾಗ ಜನವರಿ ಬಂತೆಂದರೆ ಹತ್ತನೇ ತರಗತಿಯ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತಿತ್ತು. ಹೆಣ್ಣುಮಕ್ಕಳ ಓಟ ಎಂಟನೇ ತರಗತಿಗೇ ನಿಂತುಹೋಗುತ್ತಿತ್ತು. ಇಂದು ಊರಿನಲ್ಲಿ ನೊಗ, ಒನಕೆ, ಬಾವಿಯ ಹಗ್ಗ ಎಲ್ಲ ಮೂಲೆ ಸೇರಿವೆ. ಟ್ರ್ಯಾಕ್ಟರು, ಮಿಕ್ಸಿ, ಮೋಟರು ಬಂದದ್ದು ಒಳ್ಳೆಯದೇ, ಬೆನ್ನು ಮುರಿಯುವ ದುಡಿಮೆಯನ್ನು ಯಾರೂ ಮರಳಿ ಬಯಸುವುದಿಲ್ಲ. ಆದರೆ ಸ್ನಾಯುವಿಗೆ ಮಾತ್ರ ಕೆಲಸವಿಲ್ಲದಂತಾಗಿದೆ, ಸಕ್ಕರೆ ಕಾಯಿಲೆ ನಮ್ಮ ಮನೆಗಳಿಗೂ ಬಂದಿದೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್‌ಗೆ ಕಾಯದೆಯೂ ಒಳಗೆ ತೆಗೆದುಕೊಳ್ಳುತ್ತದೆ. ಗಣಿತದಲ್ಲಿ ಮೂರನೆಯ ಸ್ಥಾನ ಪಡೆದ ವಿದ್ಯಾರ್ಥಿ ಓಟವನ್ನು ಬಿಡಲಿಲ್ಲ, ಓಟ ಅವರ ಗಣಿತವನ್ನು ಕೆಡಿಸಲೂ ಇಲ್ಲ.

ಐವತ್ತು ವರ್ಷ ಪೂರೈಸಿದ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕಟ್ಟಡ, ಕಂಪ್ಯೂಟರು ಕೊಡುಗೆ ನೀಡುತ್ತಿರುವುದು ಸಂತೋಷ. ಮೈದಾನಕ್ಕೆ ಒಂದು ಸುತ್ತುಗೋಡೆ, ಓಟಕ್ಕೆ ಒಂದು ಸಮತಟ್ಟಾದ ಹಾದಿ, ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಗ್ಯಾಲ್ವನೋಮೀಟರ್ ಇವನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಅವರಲ್ಲಿ ನನ್ನ ವಿನಂತಿ. ಈಗಿರುವ ಗುರುವೃಂದದವರು ಪರೀಕ್ಷೆಯ ತಿಂಗಳಿನಲ್ಲೂ ಆಟದ ಪೀರಿಯಡ್ಡನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಉಳಿಸಿಕೊಡಲಿ. ಶಾಲೆ ನೂರು ವರ್ಷ ಕಾಣಲಿ ಎಂದು ಹಾರೈಸುತ್ತೇನೆ.